ಬಿಲ್ಲನ ತಾಯಿಯ ಮನೆಯ ಮೇಲೆ ಮೋಡ

ಇಂಗ್ಲೆಂಡಿನ ನಡುನಾಡಿನಲ್ಲಿ, ಎಂದರೆ ನಾಟಿಂಗ್‌ಹ್ಯಾಮ್, ಡರ್ಬಿ, ಲೆಸ್ಟರ್, ಸ್ಟ್ಯಾಫರ್ಡ್ ಸೀಮೆಗಳಲ್ಲಿಯೂ ಬರ್ಮಿಂಗ್‌ಹ್ಯಾಮ್ ಪಟ್ಟಣದ ಸುತ್ತಮುತ್ತಲೂ, ಮಳೆಯ ಲಕ್ಷಣ ಕಂಡಾಗ ಜನ ಆಡುವ ಮಾತೊಂದುಂಟು: ‘ಇಟ್ಸ್ ಎ ಬಿಟ್ ಬ್ಲ್ಯಾಕ್ ಓವರ್ ಬಿಲ್ಸ್ ಮದರ್ಸ್.’ ಪದಕ್ಕೆ ಪದವಿಟ್ಟು ಹೇಳುವುದಾದರೆ, ‘ಬಿಲ್ಲನ ತಾಯಿಯ ಮನೆಯ ಮೇಲೆ ಕೊಂಚ ಕಪ್ಪಾಗಿದೆ.’ ಅರ್ಥವೇನೋ ಸುಲಭ. ಅತ್ತ ಕಡೆ ಮೋಡ ಕವಿದಿದೆ. ಇನ್ನು ಸ್ವಲ್ಪ ಹೊತ್ತಿಗೆ ಮಳೆ ಇಲ್ಲಿಗೂ ಬಂದೀತು. ಹಿತ್ತಲಿನ ಹಗ್ಗದ ಮೇಲೆ ಬಟ್ಟೆ ಹರವಿದ ಗೃಹಿಣಿ ಬೇಲಿಯಾಚೆಯ ನೆರೆಯವಳಿಗೆ ಇದನ್ನು ಹೇಳುತ್ತಾಳೆ. ಕ್ರಿಕೆಟ್ ನೋಡುತ್ತ ಕುಳಿತ ಮುದುಕ ಪಕ್ಕದ ಮುದುಕನಿಗೆ ಹೇಳುತ್ತಾನೆ. ಕೇಳಿದವರು ತಲೆಯಾಡಿಸಿ ಆಕಾಶವನ್ನು ನೋಡುತ್ತಾರೆ. ಬಿಲ್ ಯಾರು, ಅವನ ತಾಯಿ ಎಲ್ಲಿರುತ್ತಾಳೆ ಎಂದು ಯಾರೂ ಕೇಳುವುದಿಲ್ಲ.

ಕೇಳುವವರು ಹೊರಗಿನವರು, ಇಲ್ಲವೇ ಓದಿದವರು. ಅವರ ಕೈಗೆ ಸಿಕ್ಕಿದ ಮೇಲೆ ಈ ಮಾತಿಗೆ ಆದ ಗತಿಯನ್ನು ನೋಡಿದರೆ, ಜನರ ಬಾಯ ನುಡಿಯನ್ನು ಅಕ್ಷರಸ್ಥರು ಹೇಗೆ ಕಾಣುತ್ತಾರೆಂಬುದು ತಿಳಿಯುತ್ತದೆ. ಇಷ್ಟು ಚಿಕ್ಕ ಆಡುಮಾತಿಗೆ ಸಾಹಿತ್ಯದ ಪುಟದಲ್ಲಿ ಜಾಗವೇಕೆ ಎಂದು ಹುಬ್ಬೇರಿಸುವ ಓದುಗರಿಗೆ ಸದ್ಯಕ್ಕೆ ಈ ಸಮಾಧಾನ ಸಾಕು.

ಮೊದಲನೆಯ ವಾದ, ಬಿಲ್ ಎಂದರೆ ವಿಲಿಯಂ, ವಿಲಿಯಂ ಎಂದರೆ ಷೇಕ್ಸ್‌ಪಿಯರ್ ಎಂಬುದು. ಕವಿಯ ತಾಯಿ ಮೇರಿ ಆರ್ಡನ್ ಸ್ಟ್ರಾಟ್‌ಫರ್ಡಿನ ಹತ್ತಿರದ ವಿಲ್ಮ್‌ಕೋಟ್ ಹಳ್ಳಿಯವಳು. ಆ ದಿಕ್ಕಿನಿಂದ ಮೋಡ ಬರುತ್ತದೆ. ಆದುದರಿಂದ ಮೋಡ ಬಿಲ್ಲನ ತಾಯಿಯ ಮನೆಯ ಮೇಲಿದೆ! ಕೇಳುವುದಕ್ಕೆ ಸೊಗಸಾಗಿದೆ. ನಾಟಿಂಗ್‌ಹ್ಯಾಮಿನಲ್ಲಿ ನಿಂತವನಿಗೆ ಸ್ಟ್ರಾಟ್‌ಫರ್ಡ್ ನೈಋತ್ಯ ದಿಕ್ಕಿಗಿದೆ, ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ಬೀಸುವುದೂ ಆ ಕಡೆಯಿಂದಲೇ ಎಂಬಷ್ಟು ಮಟ್ಟಿಗೆ ಒಪ್ಪಲೂಬಹುದು. ಆದರೆ ಬರ್ಮಿಂಗ್‌ಹ್ಯಾಮಿನವನಿಗೆ ಅದೇ ಊರು ದಕ್ಷಿಣಕ್ಕೆ, ತುಸು ಪೂರ್ವಕ್ಕೇ ವಾಲಿಕೊಂಡಿದೆ. ಅವನೂ ಇದೇ ಮಾತನ್ನಾಡುತ್ತಾನೆ, ಅದೂ ಯಾವ ದಿಕ್ಕಿನಲ್ಲಿ ಮೋಡ ಕಂಡರೂ ಆಡುತ್ತಾನೆ. ಇನ್ನೊಂದು ತೊಡಕು: ಮದುವೆಯಾದ ಮೇಲೆ ಮೇರಿ ಆರ್ಡನ್ ಇದ್ದುದು ಸ್ಟ್ರಾಟ್‌ಫರ್ಡಿನ ಹೆನ್ಲಿ ಬೀದಿಯಲ್ಲಿ, ಗಂಡನ ಮನೆಯಲ್ಲಿ. ಕವಿ ಹುಟ್ಟುವ ಹೊತ್ತಿಗೆ ವಿಲ್ಮ್‌ಕೋಟ್ ಅವಳ ತವರೇ ಹೊರತು ಅವಳ ಮನೆಯಾಗಿರಲಿಲ್ಲ.

ಆ ತವರಿನ ಕಥೆಯಂತೂ ಈ ವಾದಕ್ಕೆ ತಕ್ಕ ವಿನೋದವಾಗಿದೆ. ವಿಲ್ಮ್‌ಕೋಟಿನಲ್ಲಿ ‘ಮೇರಿ ಆರ್ಡನ್ನಳ ಮನೆ’ ಎಂದು ಬಹುಕಾಲ ಯಾತ್ರಿಕರಿಗೆ ತೋರಿಸುತ್ತಿದ್ದ ಮರದ ತೊಲೆಗಳ ಹಳೆಯ ಮನೆಯೊಂದಿತ್ತು. ಷೇಕ್ಸ್‌ಪಿಯರ್ ಜನ್ಮಸ್ಥಳದ ಟ್ರಸ್ಟಿನವರು 1930ರಲ್ಲಿ ಅದನ್ನು ಕೊಂಡು ಕಾಪಾಡಿದರು. 2000ದಲ್ಲಿ ಹಳೆಯ ದಾಖಲೆಗಳನ್ನು ಶೋಧಿಸಿದಾಗ ತಿಳಿದುಬಂದುದೇನೆಂದರೆ, ಆ ಮನೆ ಆರ್ಡನ್ನರದಲ್ಲ, ನೆರೆಯವನಾದ ಆಡಂ ಪಾಮರ್ ಎಂಬುವನದು. ಆರ್ಡನ್ನರ ಮನೆ ಪಕ್ಕದಲ್ಲಿಯೇ ಬೇರೆ ಹೆಸರಿನಿಂದ ನಿಂತಿತ್ತು. ಎಂದರೆ, ಲೋಕವೆಲ್ಲ ಬಲ್ಲ ಬಿಲ್ಲನ ತಾಯಿಯ ಮನೆ ಯಾವುದೆಂಬುದೇ ವಿದ್ವಾಂಸರಿಗೆ ಅಷ್ಟು ದಿನ ಗೊತ್ತಿರಲಿಲ್ಲ. ಬಟ್ಟೆ ಒಣಹಾಕುವ ಹೆಂಗಸು ಅದನ್ನು ಬಲ್ಲವಳಾಗಿ ಬೆರಳು ತೋರುತ್ತಿದ್ದಳೆಂದು ನಂಬಬೇಕಂತೆ!

ಎರಡನೆಯ ವಾದ ಇದಕ್ಕಿಂತ ಪೊಳ್ಳು. ಬಿಲ್ ಎಂದರೆ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್, ಮೋಡ ಎಂದರೆ ಯುದ್ಧದ ಕಾರ್ಮೋಡ ಎಂದು ಕೆಲವರು ಹೇಳುತ್ತಾರೆ. 1914ರ ಮಹಾಯುದ್ಧದ ಕಾಲದಲ್ಲಿ ಇಂಗ್ಲಿಷರು ಅವನನ್ನು ‘ಕೈಸರ್ ಬಿಲ್’ ಎಂದು ಹಾಸ್ಯಮಾಡುತ್ತಿದ್ದುದು ನಿಜ. ಅವನ ತಾಯಿ ವಿಕ್ಟೋರಿಯಾ ರಾಣಿಯ ಹಿರಿಯ ಮಗಳೆಂಬುದೂ ನಿಜ. ಆದರೆ ಆ ತಾಯಿ ತೀರಿಕೊಂಡದ್ದು 1901ರಲ್ಲಿ. ಯುದ್ಧ ಬಂದಾಗ ಮೋಡ ಕವಿಯಲು ಅವಳಿಗೆ ಮನೆಯಿರಲಿಲ್ಲ. ಜರ್ಮನಿ ಇರುವುದು ಇಂಗ್ಲೆಂಡಿನ ಪೂರ್ವಕ್ಕೆ, ಮಳೆಮೋಡ ಹೆಚ್ಚಾಗಿ ಬರುವುದು ಪಶ್ಚಿಮದಿಂದ. ಕೆಲವರ ಬಾಯಲ್ಲಿ ಬಿಲ್ಲನಿಗೆ ಬದಲು ‘ವಿಲ್’ ಎಂದೇ ಇದೆ. ಕೈಸರನನ್ನು ಯಾರೂ ವಿಲ್ ಎಂದು ಕರೆದಂತಿಲ್ಲ. ಸಾಕು.

ಇಂಥ ವಾದಗಳಿಗೆ ಇಂಗ್ಲಿಷಿನಲ್ಲಿ ಬರಗಾಲವಿಲ್ಲ. ‘ಬಾಬ್ಸ್ ಯುವರ್ ಅಂಕಲ್’, ಎಂದರೆ ‘ಬಾಬ್ ನಿನ್ನ ಚಿಕ್ಕಪ್ಪನೇ ಅಲ್ಲವೆ, ಕೆಲಸ ಆಯಿತೆಂದೇ ತಿಳಿ’ ಎಂಬ ಇನ್ನೊಂದು ಮಾತಿದೆ. 1887ರಲ್ಲಿ ಪ್ರಧಾನಿ ಸಾಲಿಸ್‌ಬರಿ ಪ್ರಭು ತನ್ನ ಸೋದರಳಿಯ ಆರ್ಥರ್ ಬಾಲ್‌ಫರನಿಗೆ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯ ಪದವಿ ಕೊಟ್ಟನು. ಸಾಲಿಸ್‌ಬರಿಯ ಹೆಸರು ರಾಬರ್ಟ್. ಆದುದರಿಂದ ಮಾತು ಹುಟ್ಟಿತು ಎಂದು ಎಲ್ಲ ಕಡೆಯೂ ಬರೆಯುತ್ತಾರೆ. ಆದರೆ ಆ ಮಾತು ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 1920ರ ದಶಕದಲ್ಲಿ. ಸ್ವಜನಪಕ್ಷಪಾತದ ಒಂದು ಹಗರಣವನ್ನು ಹಾಸ್ಯ ಮಾಡುವುದಕ್ಕೆ ಇಂಗ್ಲಿಷ್ ಜನ ಮೂವತ್ತು ವರ್ಷ ಕಾದಿದ್ದರು ಎನ್ನುವುದಾದರೆ ಅವರ ತಾಳ್ಮೆಯನ್ನು ಮೆಚ್ಚಬೇಕು.

ಈ ಕಥೆಗಳಲ್ಲಿ ನನಗೆ ಕಾಣುವ ದೋಷ ಚರಿತ್ರೆಯ ತಪ್ಪಷ್ಟೇ ಅಲ್ಲ. ತಪ್ಪನ್ನು ತಿದ್ದಬಹುದು. ಇವುಗಳ ಹಿಂದಿರುವ ಮನೋಧರ್ಮ ತಿದ್ದುವಂಥದಲ್ಲ. ಗಣಿಯಲ್ಲಿ, ಕಾಲುಚೀಲದ ಕಾರ್ಖಾನೆಯಲ್ಲಿ, ಕಸೂತಿಯ ಗಿರಣಿಯಲ್ಲಿ ದುಡಿದ ಜನ ತಾವಾಗಿಯೇ ಒಂದು ಚೆಂದದ ಮಾತನ್ನು ಕಟ್ಟಿಕೊಂಡಿರಬಲ್ಲರು ಎಂಬುದನ್ನು ಇದು ಒಪ್ಪುವುದಿಲ್ಲ. ಮಾತಿನ ಬುಡದಲ್ಲಿ ಒಬ್ಬ ಕವಿಯೋ ಚಕ್ರವರ್ತಿಯೋ ಪ್ರಧಾನಿಯೋ ಇರಲೇಬೇಕು. ಆ ಸೀಮೆಯ ಬೀದಿಬೀದಿಯಲ್ಲಿಯೂ ವಿಲಿಯಮನೆಂಬವನಿದ್ದ, ಅವನನ್ನು ಬಿಲ್ ಎಂದು ಕರೆಯುತ್ತಿದ್ದರು, ಅವನಿಗೆ ತಾಯಿಯೊಬ್ಬಳಿದ್ದಳು. ಇಷ್ಟು ಸಾಲದೆ? ‘ಊರಿಗೆ ಬಂದವಳು ನೀರಿಗೆ ಬಾರಳೆ’ ಎಂದು ನಾವು ಹೇಳುವಾಗ, ಬಂದವಳು ಯಾವ ಅರಸನ ಮಗಳು ಎಂದು ವಿಚಾರಿಸುತ್ತೇವೆಯೆ?

ಹುಟ್ಟನ್ನು ಬಿಟ್ಟು ಬಳಕೆಗೆ ಬಂದರೆ, ಮಾತಿನ ನಿಜವಾದ ಚಮತ್ಕಾರ ಕಾಣುತ್ತದೆ. ಮೊದಲು ಆ ‘ಕೊಂಚ’ವನ್ನು ನೋಡಿ. ಮುಗಿಲು ಕಾಡಿಗೆಯಂತೆ ಕಪ್ಪಿಟ್ಟಿದ್ದರೂ ‘ಕೊಂಚ ಕಪ್ಪಾಗಿದೆ’ ಎನ್ನುವುದು ಇಂಗ್ಲಿಷರ ಸ್ವಭಾವ. ಇದ್ದುದಕ್ಕಿಂತ ಕಡಿಮೆ ಹೇಳಿ ಕೇಳುವವನಿಗೆ ಉಳಿದುದನ್ನು ಬಿಡುವುದು. ಆಮೇಲೆ, ಮನೆ ಎಂಬ ಪದವೇ ಮೂಲದಲ್ಲಿ ಇಲ್ಲ. ‘ಬಿಲ್ಲನ ತಾಯಿಯ’ ಎಂದು ಷಷ್ಠಿಯಲ್ಲಿಯೇ ವಾಕ್ಯ ನಿಲ್ಲುತ್ತದೆ. ಗೊತ್ತಿರುವವರ ನಡುವೆ ಮಾತ್ರ ಹೀಗೆ ನಿಲ್ಲಿಸಬಹುದು. ಕೊನೆಯದಾಗಿ ದಿಕ್ಕು. ಬಿಲ್ಲನ ತಾಯಿಯ ಮನೆ ಪೂರ್ವಕ್ಕೂ ಇಲ್ಲ, ಪಶ್ಚಿಮಕ್ಕೂ ಇಲ್ಲ. ಹೇಳುವವನು ಯಾವ ಕಡೆ ಗಲ್ಲ ಎತ್ತಿ ತೋರುತ್ತಾನೋ ಆ ಕಡೆ ಇದೆ. ಹೆಸರು ಹೇಳಿಯೂ ಗುರುತು ಹೇಳದ ಈ ಮಾತಿಗೆ ಅರ್ಥ ಬರುವುದು ಇಬ್ಬರೂ ಒಂದೇ ಆಕಾಶದ ಕೆಳಗೆ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ನಿಂತಿದ್ದಾಗ. ಕಾಗದದಲ್ಲಿ ಬರೆದು ದೂರದ ಊರಿಗೆ ಕಳುಹಿಸಿದರೆ ಅದು ಸತ್ತುಹೋಗುತ್ತದೆ.

ಅಷ್ಟೇ ಅಲ್ಲದೆ, ಮಳೆ ಮೊದಲು ಬೀಳುವುದು ಇನ್ನೊಬ್ಬರ ಸೂರಿನ ಮೇಲೆ ಎಂಬ ಸಣ್ಣ ನೆಮ್ಮದಿಯೂ, ಆ ಇನ್ನೊಬ್ಬರು ಪರಿಚಯದವರೇ ಎಂಬ ಸಣ್ಣ ಕಳವಳವೂ ಇದರಲ್ಲಿ ಸೇರಿವೆ. ಬಿಲ್ಲನ ಮೇಲೆ ಮೋಡ ಎನ್ನದೆ ಅವನ ತಾಯಿಯ ಮೇಲೆ ಎಂದದ್ದು ಏಕೆ? ನನ್ನ ಊಹೆ ಇದು: ಆ ಬೀದಿಗಳಲ್ಲಿ ಮಗ ಮದುವೆಯಾಗಿ ಬೇರೆ ಬಿಡಾರ ಹೂಡಿದರೂ ತಾಯಿಯ ಮನೆ ನಾಲ್ಕು ಹೆಜ್ಜೆಯಲ್ಲಿ ಇರುತ್ತಿತ್ತು, ಸಂಸಾರದ ಹೋಗುಬರವೆಲ್ಲ ಅಲ್ಲಿಯೇ ಕೂಡುತ್ತಿತ್ತು. ಲಂಡನ್ನಿನ ಕಾರ್ಮಿಕರ ಕೇರಿಯೊಂದನ್ನು ಕುರಿತು ಮೈಕೇಲ್ ಯಂಗ್ ಮತ್ತು ಪೀಟರ್ ವಿಲ್ಮಟ್ 1957ರಲ್ಲಿ ಪ್ರಕಟಿಸಿದ ಸಮಾಜಶಾಸ್ತ್ರದ ಪುಸ್ತಕವೊಂದಿದೆ. ಅಲ್ಲಿಯ ಬಾಳಿನ ನಡುಗಂಬ ‘ಅಮ್ಮನ ಮನೆ’ ಎಂಬುದನ್ನು ಅವರು ವಿವರವಾಗಿ ತೋರಿಸಿದ್ದಾರೆ. ಲಂಡನ್ ಬೇರೆ, ನಡುನಾಡು ಬೇರೆ. ಆದರೂ ದುಡಿಯುವವರ ಬೀದಿಯ ಭೂಗೋಳ ತಾಯಿಯ ಮನೆಯಿಂದ ಆರಂಭವಾಗುತ್ತಿತ್ತು ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ.

ಇಂಥ ಮಾತನ್ನು ನಿಘಂಟಿನವರು ಹಿಡಿಯಬಾರದೆ ಎಂದರೆ, ಪಾಪ, ಅವರ ಬಲೆಯ ಕಣ್ಣು ಬೇರೆ ಅಳತೆಯದು. ಇಂಗ್ಲಿಷ್ ಪ್ರಾಂತನುಡಿಗಳ ದೊಡ್ಡ ನಿಘಂಟನ್ನು ಮಾಡಿದವನು ಜೋಸೆಫ್ ರೈಟ್. ಅವನ ಬಾಳೇ ಒಂದು ಪುರಾಣ. 1855ರಲ್ಲಿ ಯಾರ್ಕ್‌ಷೈರಿನಲ್ಲಿ ಹುಟ್ಟಿ, ಏಳನೆಯ ವಯಸ್ಸಿನ ಸುಮಾರಿಗೆ ಉಣ್ಣೆಯ ಗಿರಣಿ ಸೇರಿ, ಹದಿನೈದರ ಹೊತ್ತಿಗೆ ಅಕ್ಷರ ಕಲಿತು, ಕೊನೆಗೆ ಆಕ್ಸ್‌ಫರ್ಡಿನಲ್ಲಿ ತೌಲನಿಕ ಭಾಷಾಶಾಸ್ತ್ರದ ಪ್ರಾಧ್ಯಾಪಕನಾದವನು. 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಅವನ ನಿಘಂಟು ಹೊರಬಿತ್ತು. ತಾನೇ ಆಡಿ ಬೆಳೆದ ನುಡಿಗೆ ಅವನು ಸಲ್ಲಿಸಿದ ಋಣ ಅದು. ಆದರೆ ನಿಘಂಟು ಪದಗಳನ್ನು ಪೋಣಿಸುವ ದಾರ. ನಮ್ಮ ಮಾತನ್ನು ಅದರಲ್ಲಿ ಎಲ್ಲಿ ಹುಡುಕಬೇಕು? ಕಪ್ಪು ಎಂಬಲ್ಲಿಯೆ, ಬಿಲ್ ಎಂಬಲ್ಲಿಯೆ, ತಾಯಿ ಎಂಬಲ್ಲಿಯೆ? ಮೂರರಲ್ಲಿ ಒಂದು ಪದವೂ ಪ್ರಾಂತೀಯವಲ್ಲ. ಮೂರೂ ಯಾವ ಶಾಲೆಯ ಪಾಠದಲ್ಲಿಯೂ ಸಿಕ್ಕುವ ಪದಗಳು. ಪ್ರಾಂತ್ಯ ಇರುವುದು ಅವು ಕೂಡಿದ ರೀತಿಯಲ್ಲಿ.

ರೈಟನ ತರುವಾಯ ಲೀಡ್ಸ್ ವಿಶ್ವವಿದ್ಯಾನಿಲಯದಿಂದ ಹೆರಾಲ್ಡ್ ಆರ್ಟನ್ ನಡೆಸಿದ ನುಡಿಸಮೀಕ್ಷೆಯೂ ಹಾಗೆಯೇ. 1950ರಿಂದ 1961ರವರೆಗೆ ಅವನ ಶಿಷ್ಯರು 313 ಊರುಗಳನ್ನು ಸುತ್ತಿ, ಸಾವಿರದ ಮುನ್ನೂರಕ್ಕೂ ಮೀರಿದ ಪ್ರಶ್ನೆಗಳನ್ನು ಮುದುಕರ ಮುಂದಿಟ್ಟು, ಉತ್ತರ ಬರೆದುಕೊಂಡರು. ಭಗೀರಥ ಪ್ರಯತ್ನ, ಸಂದೇಹವಿಲ್ಲ. ಆದರೆ ಆರಿಸಿದ್ದು ಬಹುಮಟ್ಟಿಗೆ ಹಳ್ಳಿಗಳನ್ನು. ಕೇಳಿದ್ದು ‘ಇದನ್ನು ಏನೆನ್ನುತ್ತೀರಿ, ಅದನ್ನು ಏನೆನ್ನುತ್ತೀರಿ’ ಎಂದು. ಹಸುವಿನ ಕೊಟ್ಟಿಗೆಗೆ ಹೆಸರು ಸಿಕ್ಕುತ್ತದೆ, ನೇಗಿಲಿನ ಭಾಗಗಳಿಗೆ ಸಿಕ್ಕುತ್ತದೆ. ಗಣಿಯೂರಿನ ಹಿತ್ತಲಲ್ಲಿ ಒಬ್ಬಳು ಇನ್ನೊಬ್ಬಳಿಗೆ ತಾನಾಗಿ ಹೇಳುವ ಮಾತು ಪ್ರಶ್ನೆಗೆ ಉತ್ತರವಾಗಿ ಬರುವುದಿಲ್ಲ. ಮೋಡ ಬರಬೇಕು, ಆಗ ಬರುತ್ತದೆ.

ಶಾಸ್ತ್ರ ಬಿಟ್ಟುದನ್ನು ಸಾಹಿತ್ಯ ಹಿಡಿಯಿತೆ? ಈ ಸೀಮೆಯ ನುಡಿಗೆ ಡಿ. ಎಚ್. ಲಾರೆನ್ಸನಂಥ ಲೇಖಕ ದೊರೆತದ್ದು ಭಾಗ್ಯ. ನಾಟಿಂಗ್‌ಹ್ಯಾಮ್ ಸೀಮೆಯ ಈಸ್ಟ್‌ವುಡ್ಡಿನಲ್ಲಿ 1885ರಲ್ಲಿ ಗಣಿ ಕೆಲಸಗಾರನ ಮಗನಾಗಿ ಹುಟ್ಟಿದ ಅವನಿಗೆ ಮನೆಯಲ್ಲಿ ಎರಡು ಭಾಷೆಗಳಿದ್ದವು: ತಂದೆಯ ಗಣಿನುಡಿ, ತಾಯಿಯ ಶಿಷ್ಟ ಇಂಗ್ಲಿಷ್. 1913ರ ‘ಸನ್ಸ್ ಅಂಡ್ ಲವರ್ಸ್’ ಕಾದಂಬರಿಯಲ್ಲಿ ಮಾರೆಲ್ ದಂಪತಿಗಳ ಜಗಳವನ್ನು ಓದುವಾಗ, ಬಡತನ, ಕುಡಿತಗಳಷ್ಟೇ ಈ ಎರಡು ನುಡಿಗಳೂ ಅಲ್ಲಿ ಕಾದಾಡುತ್ತಿವೆ ಎನಿಸುತ್ತದೆ. ಮಕ್ಕಳು ತಾಯಿಯ ಪಕ್ಷ ಸೇರುತ್ತಾರೆ. ತಂದೆಯ ಮಾತು ಮನೆಯಲ್ಲಿ ಒಂಟಿಯಾಗುತ್ತದೆ. ‘ಲೇಡಿ ಚ್ಯಾಟರ್ಲೀಸ್ ಲವರ್’ ಕೃತಿಯನ್ನು 1960ರ ಮೊಕದ್ದಮೆಯಿಂದಾಗಿ ಎಲ್ಲರೂ ಬೇರೆ ಕಾರಣಕ್ಕೆ ನೆನೆಯುತ್ತಾರೆ. ನನಗೆ ಅದರಲ್ಲಿ ನೆನಪುಳಿದದ್ದು ಇನ್ನೊಂದು ಸಂಗತಿ. ಕಾವಲುಗಾರ ಮೆಲರ್ಸ್ ಶಿಷ್ಟಭಾಷೆಯನ್ನು ಚೆನ್ನಾಗಿ ಬಲ್ಲವನು. ಬೇಕೆಂದಾಗ ಸೀಮೆಯ ನುಡಿಗೆ ಜಾರುತ್ತಾನೆ. ನಾಯಿಕೆಯ ಅಕ್ಕ ಹಿಲ್ಡಾಳಿಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ. ಅದೇಕೆ ಯಾರ್ಕ್‌ಷೈರಿನ ಮಾತಾಡುತ್ತೀಯೆ ಎಂದು ಅವನನ್ನು ಕೇಳುತ್ತಾಳೆ. ಇದು ಯಾರ್ಕ್‌ಷೈರಿನದಲ್ಲ, ಡರ್ಬಿಯದು ಎಂದು ಅವನು ಸೀಮೆಯ ನುಡಿಯಲ್ಲಿಯೇ ತಿದ್ದುತ್ತಾನೆ. ಮೇಲಿನವರಿಗೆ ಕೆಳಗಿನ ನುಡಿಗಳೆಲ್ಲ ಒಂದೇ. ಆಡುವವನಿಗೆ ಒಂದೊಂದು ಜಿಲ್ಲೆಯೂ ಬೇರೆ. ಇಷ್ಟನ್ನು ಎರಡು ಸಾಲಿನ ಸಂಭಾಷಣೆಯಲ್ಲಿ ತೋರಿಸಿದವನ ಕಿವಿಯನ್ನು ಹೊಗಳದೆ ಇರಲಾಗದು.

ಆದರೂ ಕಾದಂಬರಿಗಳಿಗಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಅವನ ‘ದಿ ಡಾಟರ್-ಇನ್-ಲಾ’ ನಾಟಕ. ಲಾರೆನ್ಸ್ ಬದುಕಿರುವಾಗ ಅದು ರಂಗವನ್ನೇರಲೇ ಇಲ್ಲ. ಅವನು ಬರೆದ ರೂಪದಲ್ಲಿ 1967ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ನಾಟಕಶಾಲೆಯಲ್ಲಿ ಪೀಟರ್ ಗಿಲ್ ಆಡಿಸಿದನು. ಗಣಿಯೂರಿನ ಲೂಥರ್ ಎಂಬುವನಿಗೆ ಹೊಸದಾಗಿ ಮದುವೆಯಾಗಿದೆ. ಹೆಂಡತಿ ಮಿನಿ ಹೊರಗೆ ಚಾಕರಿ ಮಾಡಿ ಬಂದವಳು, ಶಿಷ್ಟಭಾಷೆಯವಳು. ಮಗ ಬೇರೆ ಮನೆ ಮಾಡಿದ್ದಾನೆ, ಆದರೆ ನಾಟಕ ಆರಂಭವಾಗುವುದು ಅವನ ಮನೆಯಲ್ಲಲ್ಲ, ಅವನ ತಾಯಿಯ ಅಡಿಗೆಮನೆಯಲ್ಲಿ. ಮಕ್ಕಳನ್ನು ಗಂಡಸರಾಗಲು ಬಿಡದೆ ಸೆರಗಿನಲ್ಲಿ ಕಟ್ಟಿಕೊಂಡಿದ್ದೀಯೆ ಎಂದು ಸೊಸೆ ಅತ್ತೆಯ ಮುಖದೆದುರಿಗೆ ಆಡುವ ಸಂದರ್ಭ ಇಡೀ ನಾಟಕದ ಜೀವ. ಅತ್ತೆಸೊಸೆಯರ ಕಥೆ ನಮಗೆ ಹೊಸದಲ್ಲ. ಆದರೆ ಇಲ್ಲಿ ಅತ್ತೆಯ ನುಡಿಯಲ್ಲಿರುವ ಬಿಸುಪು ಸೊಸೆಯ ಶುದ್ಧ ಇಂಗ್ಲಿಷಿನಲ್ಲಿಲ್ಲ, ಪ್ರೇಕ್ಷಕನ ನ್ಯಾಯಬುದ್ಧಿ ಸೊಸೆಯ ಕಡೆಗಿದ್ದರೂ ಕಿವಿ ಅತ್ತೆಯ ಕಡೆಗೆ ಹೋಗುತ್ತದೆ. ಈ ನಾಟಕವನ್ನು ಓದಿದ ಮೇಲೆ, ಮೋಡ ಕವಿಯುವುದು ತಾಯಿಯ ಮನೆಯ ಮೇಲೆಯೇ ಏಕೆಂಬ ಪ್ರಶ್ನೆಗೆ ಇನ್ನೊಂದು ಉತ್ತರ ಹೊಳೆದರೆ ಆಶ್ಚರ್ಯವಿಲ್ಲ. ಹಾಗೆಂದು ಆ ಉತ್ತರವನ್ನು ಮಾತಿನ ಮೂಲವೆಂದು ಸಾರಿದರೆ, ಕೈಸರನ ಕಥೆ ಕಟ್ಟಿದವರ ಪಕ್ಕದಲ್ಲಿಯೇ ನಾವೂ ಮಣೆ ಹಾಕಿಕೊಂಡಂತಾಗುತ್ತದೆ.

ಆ ಬೀದಿಗಳು ಈಗ ಹಾಗಿಲ್ಲ. ನಾಟಿಂಗ್‌ಹ್ಯಾಮ್ ಸೀಮೆಯ ಕೊನೆಯ ಆಳಗಣಿ ಥೋರ್ಸ್‌ಬಿ 2015ರಲ್ಲಿ ಮುಚ್ಚಿತು. ಮಗ ಕೆಲಸಕ್ಕಾಗಿ ಎಲ್ಲೋ ಹೋಗುತ್ತಾನೆ, ತಾಯಿಯ ಮನೆ ನಾಲ್ಕು ಹೆಜ್ಜೆಯಲ್ಲಿ ಇರುವುದಿಲ್ಲ. ಮಾತು ಮಾತ್ರ ಉಳಿದಿದೆ, ಅದೂ ಒಂದು ವಿಚಿತ್ರ ಮರ್ಯಾದೆಯೊಡನೆ. ಹಿಂದೆ ಶಾಲೆಯಲ್ಲಿ ಆಡಿದರೆ ಮೇಷ್ಟರು ತಿದ್ದುತ್ತಿದ್ದಂಥ ಸೀಮೆಯ ಮಾತುಗಳನ್ನು ಈಗ ಚಹದ ಬಟ್ಟಲಿನ ಮೇಲೆ, ಅಡಿಗೆಮನೆಯ ವಸ್ತ್ರದ ಮೇಲೆ ಅಚ್ಚುಹಾಕಿ ಮಾರುತ್ತಾರೆ. ನಾಚಿಕೆ ಹೋಗಿ ಅಭಿಮಾನ ಬಂದುದು ಸಂತೋಷವೇ. ಆದರೂ ಬಟ್ಟಲಿನ ಮೇಲಿನ ಮೋಡದಿಂದ ಯಾರ ಬಟ್ಟೆಯೂ ನೆನೆಯುವುದಿಲ್ಲ. ಅಲ್ಲಿ ಮಾತು ತನ್ನ ಕೆಲಸ ಬಿಟ್ಟು ತನ್ನ ಭಾವಚಿತ್ರ ತೆಗೆಸಿಕೊಂಡು ಕೂತಿದೆ.

ಇನ್ನು ಕನ್ನಡದ ಮಾತು. ಇಂಗ್ಲಿಷ್ ಕೃತಿಗಳಲ್ಲಿ ಇಂಥ ನುಡಿ ಬಂದಾಗ ನಮ್ಮ ಭಾಷಾಂತರಕಾರ ಏನು ಮಾಡಬೇಕು? ‘ಅತ್ತ ಮೋಡ ಕವಿದಿದೆ’ ಎಂದು ಸಾರವನ್ನು ಹಿಂಡಿ ಕೊಟ್ಟರೆ ಹವಾಮಾನದ ವರದಿಯಾಗುತ್ತದೆ. ಮಂಡ್ಯದ ರೈತನ ಬಾಯಿಗೋ ಧಾರವಾಡದ ಅಜ್ಜಿಯ ಬಾಯಿಗೋ ಒಗ್ಗಿಸಿದರೆ ಓದುಗ ಕೂಡಲೆ ಮಂಡ್ಯಕ್ಕೋ ಧಾರವಾಡಕ್ಕೋ ಹೋಗಿಬಿಡುತ್ತಾನೆ. ಈಸ್ಟ್‌ವುಡ್ಡಿನ ಗಣಿಯ ಹೊಗೆ ಅವನ ಮೂಗಿಗೆ ಬರುವುದಿಲ್ಲ. ಸೀಮೆಯ ನುಡಿಗೆ ಸೀಮೆಯ ನುಡಿಯೇ ಬದಲು ಎನ್ನುವ ವಾದ ಎಷ್ಟು ಆಕರ್ಷಕವೋ ಅಷ್ಟೇ ಮೋಸದ್ದು.

ನೇರವಾಗಿ ಅನುವಾದಿಸಿದರೆ? ‘ಬಿಲ್ಲನ ತಾಯಿಯ ಮನೆ’ ಎಂದ ಕೂಡಲೆ ನಮ್ಮ ಕಿವಿಗೆ ಎರಡು ತೊಂದರೆ. ‘ತಾಯಿಯ ಮನೆ’ ನಮಗೆ ತವರು; ಅದನ್ನು ಹೆಣ್ಣಿನ ಬಾಯಲ್ಲಿ ಕೇಳಿ ಅಭ್ಯಾಸ. ಗಂಡಸಿಗೆ ತಾಯಿಯ ಮನೆಯೆಂಬುದು ಪ್ರತ್ಯೇಕವಾಗಿ ಇದೆಯೆಂದರೆ, ಮಗ ಹೊರಗೆ ಹಾಕಿದನೆ, ಸೊಸೆಯೊಡನೆ ಆಗಲಿಲ್ಲವೆ ಎಂದು ನಾವು ಯೋಚಿಸತೊಡಗುತ್ತೇವೆ. ಮೂಲದಲ್ಲಿ ಏನೂ ವಿಶೇಷವಿಲ್ಲದ ಕಡೆ ಕನ್ನಡದಲ್ಲಿ ಒಂದು ಸಂಸಾರದ ರಂಪ ಹುಟ್ಟಿಕೊಳ್ಳುತ್ತದೆ. ‘ಬಿಲ್ಲನ ಅಮ್ಮನ ಮನೆ ಕಡೆ ಕೊಂಚ ಕಪ್ಪಿಟ್ಟಿದೆ’ ಎಂದರೆ ಈ ಗಾಯ ಸ್ವಲ್ಪ ಮಾಯುತ್ತದೆ; ‘ಮೇಲೆ’ ಎನ್ನುವುದಕ್ಕಿಂತ ‘ಕಡೆ’ ಎನ್ನುವುದರಲ್ಲಿ ಗಲ್ಲ ಎತ್ತಿ ತೋರುವ ಭಂಗಿಯೂ ಉಳಿಯುತ್ತದೆ. ಎರಡನೆಯ ತೊಂದರೆ ಹೆಸರಿನದು. ಬಿಲ್ ಎಂದರೆ ನಮಗೆ ಅಂಗಡಿಯ ಚೀಟಿ. ವಿಭಕ್ತಿ ಹಚ್ಚಿದರೆ ಬಿಲ್ಲುಬಾಣದ ಬಿಲ್ಲು. ಮೋಡದ ಪಕ್ಕದಲ್ಲಿ ಬಿಲ್ಲು ಬಂದರೆ ಕಾಮನಬಿಲ್ಲೇ ನೆನಪಾಗುವುದು. ಮೂಲದವರಿಗೆ ಇಲ್ಲದ ಈ ಕಾಣಿಕೆ ಪುಕ್ಕಟೆಯಾಗಿ ಸಿಕ್ಕುವುದಾದರೆ ಬೇಡವೆನ್ನುವ ಅಗತ್ಯ ನನಗೆ ಕಾಣುವುದಿಲ್ಲ. ಹೆಸರನ್ನು ತಿಮ್ಮನೆಂದೋ ಬೋರನೆಂದೋ ಬದಲಿಸುವುದಕ್ಕಿಂತ ಬಿಲ್ ಬಿಲ್ಲನಾಗಿಯೇ ಇರುವುದು ಲೇಸು.

ಭಾಷಾಂತರಕಾರರಲ್ಲಿ ಒಂದೇ ಬೇಡಿಕೆ. ಆ ಹೆಸರಿನ ತಲೆಯ ಮೇಲೆ ನಕ್ಷತ್ರದ ಗುರುತು ಹಾಕಿ, ಪುಟದ ಬುಡದಲ್ಲಿ ಷೇಕ್ಸ್‌ಪಿಯರನ ವಂಶಾವಳಿಯನ್ನು ಅಚ್ಚು ಹಾಕಿಸದೆ ಇರಲಿ. ಓದುಗನಿಗೆ ಬಿಲ್ ಯಾರೆಂದು ತಿಳಿಯದಿದ್ದರೆ ನಾಟಿಂಗ್‌ಹ್ಯಾಮಿನವರಿಗೂ ತಿಳಿಯದು.